ಫಿಟ್ಟರ್ ಮೇಷ್ಟರ ಶನಿವಾರಗಳು

ನನ್ನ ಗಂಡ ಚಂದ್ರುವಿನ ಹನ್ನೊಂದನೆಯ ದಿನದ ಕಾರ್ಯ ಗುಬ್ಬಿ ಹತ್ತಿರದ ಅವನ ಊರಿನಲ್ಲಿ ಮುಗಿದು, ನಾನು ತುಮಕೂರಿನ ಬಟವಾಡಿಯ ಬಾಡಿಗೆ ಮನೆಗೆ ಮರಳಿದ ಮಾರನೆಯ ಬೆಳಿಗ್ಗೆ ಎಂದಿನಂತೆ ಎರಡು ಪಾಕೆಟ್ ಹಾಲು ಬಂದಿತ್ತು. ಎಂದಿನಂತೆ ಆರೂವರೆಗೆ ನಲ್ಲಿಯಲ್ಲಿ ನೀರೂ ಬಂತು. ಡ್ರಮ್ಮಿಗೆ ಪೈಪು ಬಿಟ್ಟು ಮೆಟ್ಟಿಲ ಮೇಲೆ ಕುಳಿತೆ. ಡ್ರಮ್ ತುಂಬಿ, ನೀರು ಅಂಗಳ ದಾಟಿ ಬೀದಿಗೆ ಹರಿಯತೊಡಗಿತು. ಅದು ನನಗೆ ಕಾಣುತ್ತಿತ್ತು. ಎದ್ದು ನಿಲ್ಲಿಸಬೇಕು ಅನ್ನಿಸಲಿಲ್ಲ. ಸ್ಕೂಟರಿನಲ್ಲಿ ಬಂದ ಹಿರಿಯರೊಬ್ಬರು ಗೇಟು ತೆಗೆದು, ನಲ್ಲಿ ತಿರುಗಿಸಿ, ಪೈಪನ್ನು ಸುತ್ತಿ ಗೋಡೆಗೆ ಒರಗಿಸಿ, ನನಗಿಂತ ಎರಡು ಮೆಟ್ಟಿಲು ಕೆಳಗೆ ಕುಳಿತರು. ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾದ ಶ್ರೀ ವೆಂಕಟರಂಗಯ್ಯನವರು ಅವರೇ.

"ನಾನು ಕಳಿಸ್ದೆ, ಅವ್ನು ಹೋದ, ಮಾನಸಾ," ಎಂದರು. "ಇನ್ಮೇಲೆ ಶನಿವಾರ ಇಲ್ಲ."

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು, ಎದ್ದು ಹೋದರು. ನನ್ನ ಮೌನವನ್ನು ಅವರು ಹೇಗೆ ತೆಗೆದುಕೊಂಡರು ಎಂಬುದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ. ಅದನ್ನು ಹೇಳಬೇಕಾದರೆ ಮೊದಲು ಅವರ ಶನಿವಾರಗಳ ಬಗ್ಗೆ ಹೇಳಬೇಕು.

ಜಿಲ್ಲೆಯ ಕೈಗಾರಿಕಾ ತರಬೇತಿ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ವಿಭಾಗದ ಬೋಧಕರಾಗಿ, ಕುಣಿಗಲ್, ಗುಬ್ಬಿ ಮತ್ತು ತುಮಕೂರುಗಳಲ್ಲಿ ಸೇವೆ ಸಲ್ಲಿಸಿ, ಕಳೆದ ಮೇ ತಿಂಗಳ ಕೊನೆಯ ದಿನ ನಿವೃತ್ತರಾದ ವೆಂಕಟರಂಗಯ್ಯನವರ ಬಳಿ ಕಬ್ಬಿಣ ಉಜ್ಜುವ ಅರ ಹಿಡಿಯಲು ಕಲಿತವರು ಇಂದು ತುಮಕೂರು ಬದಿಯ ಸತ್ಯಮಂಗಲದ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವವರಿಂದ ಹಿಡಿದು ಸ್ವಂತ ಷೆಡ್ಡು ಹಾಕಿಕೊಂಡವರವರೆಗೆ ಎಲ್ಲೆಡೆ ಇದ್ದಾರೆ. ಅವರ ಕಸುಬಿನ ಮೇಲ್ಮೆಯನ್ನು ಬರೆಯಲು ನನಗಿಂತ ಅರ್ಹರು ಈ ಪುಟಗಳಲ್ಲಿ ಅನೇಕರಿದ್ದಾರೆ. ಅರಕ್ಕೂ ಉಳಿಗೂ ವ್ಯತ್ಯಾಸ ತಡವಾಗಿ ತಿಳಿದ ನಾನು ಬರೆಯಬಹುದಾದದ್ದು, ವಾರಕ್ಕೊಮ್ಮೆ ಯಂತ್ರಗಳನ್ನು ಒರೆಸಿ ಎಣ್ಣೆ ಹಾಕಿದ ಮೇಲೆ ಅದೇ ಬೆಂಚುಗಳ ಮೇಲೆ ಅವರು ನಡೆಸಿದ ಮಾತುಕತೆಯ ಬಗ್ಗೆ ಮಾತ್ರ.

ಅವರ ತಂದೆ ಪುಟ್ಟರಂಗಯ್ಯನವರಿಗೆ ಗುಬ್ಬಿ ತಾಲ್ಲೂಕಿನಲ್ಲಿ ಇದ್ದದ್ದು ಹನ್ನೊಂದು ತೆಂಗಿನ ಮರ ಮತ್ತು ಐದು ಮಕ್ಕಳು. ಮೂರನೆಯವರಾದ ಸರ್ ಫಿಟ್ಟರ್ ಕೋರ್ಸು ಮುಗಿಸಿ, ಕೆಲವು ವರ್ಷ ಕಾರ್ಖಾನೆಯಲ್ಲಿ ದುಡಿದು, ತೊಂಬತ್ತೊಂದರಲ್ಲಿ ಕುಣಿಗಲ್ಲಿನಲ್ಲಿ ಬೋಧಕರಾದರು. ಸೇರಿದ ಮೂರನೆಯ ವರ್ಷ, ಒಂದು ಶನಿವಾರ, ಕಬ್ಬಿಣದ ತುಂಡನ್ನು ಮೂರು ವಾರದಿಂದ ಉಜ್ಜುತ್ತಿದ್ದ ಒಬ್ಬ ವಿದ್ಯಾರ್ಥಿ ಅರವನ್ನು ಕೆಳಗಿಟ್ಟು, "ಸಾ, ಇದು ಸಮ ಆಯ್ತು ಅಂತಿಟ್ಕಳಿ. ಆಮೇಲೆ ನಾವೇನಾಗ್ಬೇಕು?" ಎಂದು ಕೇಳಿದನಂತೆ. ಕೇಳಿದವನಿಗೆ ಬೈಗುಳ ನಿರೀಕ್ಷೆಯಿತ್ತು. ಸರ್ ಅವನನ್ನು ಕೂರಿಸಿಕೊಂಡು, ಉಳಿದವರನ್ನೂ ಕರೆದು, ಆ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟರು. ಐವರು ಒಟ್ಟಿಗೆ ಬಾಯಿ ತೆರೆದರು. ಯಾರ ಮಾತೂ ಯಾರಿಗೂ ಕೇಳಲಿಲ್ಲ. ಮರುವಾರ ಅವರು ಒಂದು ನಿಯಮ ಮಾಡಿಕೊಂಡು ಬಂದರು.

ನಿಯಮ ಇಷ್ಟೆ. ಒಬ್ಬರು ಹೇಳಿದ್ದಕ್ಕೆ ಉತ್ತರ ಕೊಡಬೇಕೆನ್ನುವವರು ಮೊದಲು ಆ ಮಾತನ್ನು ತಮ್ಮ ಬಾಯಲ್ಲಿ ಮರಳಿ ಹೇಳಬೇಕು. ಹೇಳಿದವರು "ಹೌದು, ಇದೇ" ಎಂದು ಒಪ್ಪಿದ ಮೇಲಷ್ಟೇ ತಮ್ಮ ಮಾತು. ಯಾರೂ ಮರಳಿ ಹೇಳದಿದ್ದರೆ ಯಾರದೂ ತಕರಾರಿಲ್ಲವೆಂದು ಅರ್ಥ. ಆಗ ಸರ್ "ಮಾತು ನಿಂತಿತು" ಎಂದು ಮುಂದಿನವರ ಕಡೆ ತಿರುಗುತ್ತಿದ್ದರು. ಎರಡು ಭಾಗಗಳನ್ನು ಕೈಯಲ್ಲಿ ಜೋಡಿಸಿ ನೋಡದೆ ಕೂತಿತು ಎನ್ನಬಾರದೆಂಬ ಕಸುಬಿನ ಶಿಸ್ತನ್ನು ಅವರು ಮಾತಿಗೆ ತಂದಿದ್ದರು. ಬದುಕಿನ ಗುರಿ, ವ್ಯಕ್ತಿತ್ವ ಎಂಬ ದೊಡ್ಡ ಪದಗಳನ್ನು ಅವರು ಬಳಸಿದ್ದು ನನಗೆ ನೆನಪಿಲ್ಲ. "ಈ ವಾರ ನಿನ್ನಿಂದ ಯಾರಿಗೆ ಏನು ಸಲೀಸಾಯ್ತು?" ಎಂಬುದೇ ಪ್ರತಿ ಶನಿವಾರದ ಮೊದಲ ಪ್ರಶ್ನೆ. "ಏನೂ ಇಲ್ಲ ಸಾ" ಎನ್ನಬಹುದಿತ್ತು. ಎರಡು ವಾರ ಹಾಗೆ ಹೇಳಿದವರಿಗೆ ಮೂರನೆಯ ವಾರ ತಮಗೇ ನಾಚಿಕೆಯಾಗುತ್ತಿತ್ತು.

ಗುಬ್ಬಿಗೆ ವರ್ಗವಾದ ಮೇಲಿನ ಒಂದು ಶನಿವಾರವನ್ನು, ಇಂದು ಸ್ವತಃ ಬೋಧಕರಾಗಿರುವ ಅಂಜನಮೂರ್ತಿಯವರು ನನಗೆ ಹೇಳಿದ್ದಾರೆ. ಆಗ ಅವರು ಕಾಲೋನಿಯಿಂದ ಬರುತ್ತಿದ್ದ ಹದಿನೆಂಟರ ಹುಡುಗ. ಮಧ್ಯಾಹ್ನದ ಊಟಕ್ಕೆ ಷೆಡ್ಡಿನ ಹಿಂದೆ ಹೋಗಿ ಕೂರುತ್ತಿದ್ದರು. ಆ ದಿನ ಅದನ್ನು ಬೆಂಚಿನ ಮೇಲೆ ಹೇಳಿಬಿಟ್ಟರು. ಪಕ್ಕದಲ್ಲಿದ್ದ ತೋಟದವರ ಮಗ ತಟಕ್ಕನೆ, "ಯಾರ್ಲಾ ಬ್ಯಾಡ ಅಂದೋರು ನಿಂಗೆ?" ಎಂದ.

"ಮೊದ್ಲು ಅವ್ನು ಏನಂದ ಅಂತ ಹೇಳಪ್ಪ," ಎಂದರು ಸರ್.

"ಅವ್ನಿಗೆ ಒಬ್ನೇ ತಿನ್ನೋದು ಇಷ್ಟ ಅಂದ."

"ಅಲ್ಲ," ಎಂದರು ಅಂಜನಮೂರ್ತಿ.

"ಅವ್ನಿಗೆ ನಾಚ್ಕೆ ಅಂದ."

"ಅಲ್ಲ ಕಣೋ."

ಹೊರಗೆ ಕುಣಿಗಲ್ ಬಸ್ಸು ಹೋಯಿತು, ಯಾರೂ ಏಳಲಿಲ್ಲ. ತೋಟದವರ ಮಗ ನೆಲ ನೋಡುತ್ತಾ ಕೊನೆಗೆ ಹೇಳಿದನಂತೆ: "ನಾನು ಪಕ್ದಲ್ಲಿ ಬಂದ್ ಕೂತ್ರೆ ನೀವು ಎದ್ದೋಯ್ತೀರ. ಅದುನ್ನ ನೋಡ್ಬಾರ್ದು ಅಂತ ನಾನೇ ಮೊದ್ಲು ಎದ್ದೋಯ್ತೀನಿ ಅಂದ."

"ಹೌದು, ಇದೇ."

ಉತ್ತರ ಕೊಡಲು ಈಗ ಅವನಿಗೆ ಹಕ್ಕಿತ್ತು. ಕೊಡಲಿಲ್ಲ. ಸೋಮವಾರ ಅವನು ತನ್ನ ಊಟದ ಡಬ್ಬಿ ಹಿಡಿದು ಷೆಡ್ಡಿನ ಹಿಂದಕ್ಕೆ ಹೋದ. ಬುಧವಾರದ ಹೊತ್ತಿಗೆ ಅಲ್ಲಿ ಜಾಗ ಸಾಲದೆ ಎಲ್ಲರೂ ಒಳಗೆ ಬಂದರು. ಸರ್ ಈ ಪ್ರಸಂಗವನ್ನು ಯಾವ ವೇದಿಕೆಯಲ್ಲೂ ಹೇಳಿಕೊಂಡವರಲ್ಲ.

ತುಮಕೂರಿಗೆ ಬಂದ ಮೇಲೆ ಶನಿವಾರಕ್ಕೆ ಹಳೆಯ ವಿದ್ಯಾರ್ಥಿಗಳೂ ಅವರ ಮನೆಯವರೂ ಬರತೊಡಗಿದರು. ಸಮಾಜಶಾಸ್ತ್ರದ ಎಂ.ಎ. ಪ್ರಬಂಧಕ್ಕೆಂದು ನಾನು ಹೋದದ್ದು ಆಗ. ಎಷ್ಟು ಪ್ರಶ್ನೆ ತಂದಿದ್ದೀಯ ಎಂದು ಕೇಳಿದರು. ಇಪ್ಪತ್ತೆಂಟು ಎಂದೆ. "ಒಂದು ಕೇಳಮ್ಮ, ಉತ್ರ ಪೂರ್ತಿ ಕೇಳಿಸ್ಕೊ. ಮಿಕ್ಕಿದ್ದು ಬೇಕಾಗಲ್ಲ," ಎಂದರು. ಅಲ್ಲಿಯೇ ನಾನು ಚಂದ್ರುವನ್ನು ನೋಡಿದ್ದು. ಅವನು ಸತ್ಯಮಂಗಲದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ. ನಮ್ಮ ಮದುವೆಗೆ ಜಾತಿಯ ಕಾರಣದಿಂದ ಒಪ್ಪದ ನನ್ನ ತಂದೆಯವರ ಬಳಿಗೆ, ಕುಣಿಗಲ್ಲಿಗೆ, ಸರ್ ನಾಲ್ಕು ಸಲ ಹೋದರು. ಒಂದು ಸಲವೂ ನಮ್ಮ ಪರವಾಗಿ ವಾದಿಸಲಿಲ್ಲ. ತಂದೆ ಹೇಳಿದ್ದನ್ನೆಲ್ಲ ತಂದೆಗೇ ಮರಳಿ ಹೇಳಿ, "ಇದೇನಾ ಸ್ವಾಮಿ ತಾವು ಹೇಳಿದ್ದು?" ಎಂದು ಕೇಳುತ್ತಿದ್ದರು. ನಾಲ್ಕನೆಯ ಸಲ ತಂದೆ ಅಮ್ಮನ ಕಡೆ ತಿರುಗಿ, "ಈ ಮನುಷ್ಯ ನೆಟ್ಟಗೆ ಜಗಳಾನೂ ಆಡಕ್ಕೆ ಬಿಡಲ್ವಲ್ಲೇ! ನನ್ ಮಾತು ನಂಗೇ ಅಸಹ್ಯ ಆಗಂಗೆ ಮಾಡ್ತಾನೆ," ಎಂದರು. ಮದುವೆಗೆ ಬಂದರು.

ಹೋದ ವರ್ಷ ಜುಲೈಯಲ್ಲಿ ಹುಲಿಯೂರುದುರ್ಗದ ಹಜರಾ ಬೀ ಎಂಬುವರು, ತಮ್ಮ ಹೊಲಿಗೆ ಅಂಗಡಿಯ ಮಹಡಿಯಲ್ಲೂ ಇಂಥದ್ದೊಂದು ಶನಿವಾರ ನಡೆಯಲಿ ಎಂದು ಕೇಳಿಕೊಂಡರು. ತಮಗೆ ತುಮಕೂರು ಬಿಡಲಾಗದ ಕಾರಣ ಸರ್ ಚಂದ್ರುವನ್ನು ಕಳಿಸಿದರು. ಜನವರಿಯ ಒಂದು ಶನಿವಾರ, ಅಲ್ಲಿಂದ ಬರುವಾಗ, ಕುಣಿಗಲ್ ದಾಟಿದ ಮೇಲೆ ಅವನ ಬೈಕು ನಿಂತಿದ್ದ ಟ್ರೇಲರಿಗೆ ಗುದ್ದಿತು. ಅವನಿಗೆ ಮೂವತ್ತನಾಲ್ಕು ವರ್ಷ. ಈ ವಿಷಯವಾಗಿ ಇಷ್ಟು ಸಾಕು.

ಮೇ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದ ಜಯಪ್ರಕಾಶ್ ಫೋನ್ ಮಾಡಿದರು. "ಅಕ್ಕಾ, ಸರ್ ಪುಸ್ತಕಾನೂ ಬೇಡ, ಸನ್ಮಾನಾನೂ ಬೇಡ ಅಂತಿದಾರೆ. ಶನಿವಾರ ಷೆಡ್ಡಿಗೆ ಬೀಗ. ನೀವೊಂದ್ಮಾತು ಹೇಳ್ರಿ."

"ಯಾಕೆ ಬೇಡವಂತೆ?"

ಜಯಪ್ರಕಾಶ್ ಹಿಂಜರಿದರು. "'ಚಂದ್ರೂನ ಕಳಿಸಿ ಸಾಯಿಸ್ದೋನು ನಾನು. ಮಾನಸಾ ಮುಂದೆ ಹೇಳಿದೀನಿ. ಅವ್ಳು ಮರಳಿ ಹೇಳ್ಲಿಲ್ಲ. ಮಾತು ನಿಂತಿತು' ಅಂದ್ರು ಅಕ್ಕಾ."

ಆ ಬೆಳಿಗ್ಗೆ ನನಗೆ ನಲ್ಲಿ ನಿಲ್ಲಿಸಲೂ ಆಗಿರಲಿಲ್ಲ. ಆದರೆ ಮೂವತ್ತು ವರ್ಷ ಒಂದು ನಿಯಮದಲ್ಲಿ ಬದುಕಿದವರಿಗೆ ಮೌನಕ್ಕೆ ಬೇರೆ ಅರ್ಥ ಇರಲಿಲ್ಲ. ನನ್ನ ಸುಮ್ಮನಿರುವಿಕೆ ಅವರ ಮೇಲೆ ತೀರ್ಪಾಗಿ ಕುಳಿತಿತ್ತು. ಏನು ಹೇಳಬೇಕೆಂಬುದು ನನಗೆ ಆಗಲೂ ತಿಳಿದಿರಲಿಲ್ಲ. ಅದು ತಿಳಿದದ್ದು ಮರುವಾರ, ಹಜರಾ ಬೀ ಫೋನಿನಿಂದ: "ನಿಮ್ ಯಜಮಾನ್ರು ತಂದಿದ್ ಜಮಖಾನ ಇಲ್ಲೇ ಐತಮ್ಮ. ಯಾರ್ದೋ ಹತ್ರ ಇಸ್ಕೊಂಡ್ ಬಂದಿದ್ರು. ಏನ್ ಮಾಡ್ಲಿ?"

ಹೋದೆ. ಮಹಡಿಯ ಮೇಲೆ ಒಂಬತ್ತು ಹೆಂಗಸರು ಬರಿನೆಲದ ಮೇಲೆ ಕುಳಿತಿದ್ದರು. ಅಂದು ಶನಿವಾರವೆಂಬುದು ನನಗೆ ಮರೆತಿತ್ತು. ಜಮಖಾನವನ್ನು ಸುತ್ತಿ, ಹಳೆಯ ಸೀರೆಯಲ್ಲಿ ಕಟ್ಟಿ, ಮೂಲೆಯಲ್ಲಿ ಒರಗಿಸಿದ್ದರು. ಹೊರಗೆ ಇಣುಕುತ್ತಿದ್ದ ಅಂಚು ನೋಡಿದೊಡನೆ ಅದು ಸರ್ ಮನೆಯದೆಂದು ಗುರುತು ಸಿಕ್ಕಿತು.

"ನೀವು ಶನಿವಾರ ನಿಲ್ಲಿಸಲಿಲ್ವಾ?" ಎಂದೆ.

"ನಿಲ್ಸಕ್ಕೆ ನಿಮ್ ಯಜಮಾನ್ರು ಬುಟ್ರೆ ತಾನೆ!" ಎಂದರು ಹಜರಾ ಬೀ. "ನಿಮ್ ಸರ್ರು 'ಒಂದು ಸಲ ಹೋಗಿ ನೋಡ್ಕೊಂಡು ಬಾ' ಅಂದಿದ್ರಂತೆ, ಅಷ್ಟೆ. ಇವ್ರು ಇಪ್ಪತ್ತಾರು ಶನಿವಾರ ಬಂದವ್ರೆ. ನಾನೇ ಒಂದಿನ ಬೈದೆ, 'ಮನೇಲಿ ಹೆಂಡ್ತಿ ಇಲ್ವೇನಪ್ಪ ನಿಂಗೆ' ಅಂತ. 'ಅವ್ಳೂ ಬೈತಾಳೆ ಬುಡಿ' ಅಂತ ನಕ್ರು."

ಬೈಯುತ್ತಿದ್ದುದು ನಿಜ. ಕಾರ್ಖಾನೆಯಲ್ಲಿ ಭಾನುವಾರದ ರಜೆಯನ್ನು ಅವನು ಶನಿವಾರಕ್ಕೆ ಬದಲಾಯಿಸಿಕೊಂಡಿದ್ದ. ನಮ್ಮ ಭಾನುವಾರಗಳು ಹೋದವೆಂದು ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಹೆಣ್ಣಾಳೊಬ್ಬಳ ಭಾರವಿದ್ದ ಆ ಜಮಖಾನವನ್ನು ನಾಲ್ವರು ಸೇರಿ ಬಸ್ಸಿಗೆ ಏರಿಸಿದರು. ಕಂಡಕ್ಟರ್ ಮೇಲೆ ಕೆಳಗೆ ನೋಡಿ, "ಹೆಂಗಸ್ರಿಗೆ ಫ್ರೀ ಕಣಮ್ಮ, ಜಮಖಾನಕ್ಕಲ್ಲ. ಇದ್ಕೆ ಆಧಾರ್ ಕಾರ್ಡ್ ಐತಾ?" ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆನೆಂದು ತೋರುತ್ತದೆ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ತುಮಕೂರಿನಲ್ಲಿ ಆಟೋ ಹಿಡಿದು, ಮರಳೂರಿನ ಅವರ ಮನೆ ತಲುಪಿದಾಗ ಸಂಜೆ ಐದು.

ಬಾಗಿಲು ತೆರೆದವರು ಸರ್. ಜಮಖಾನ ನೋಡಿದರು, ನನ್ನನ್ನು ನೋಡಿದರು. ಅವರ ಪತ್ನಿ ದಾಕ್ಷಾಯಣಿಯವರು ನೀರು ತಂದಿಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಸರ್, ಆವತ್ತು ನೀವು ಹೇಳಿದ್ದನ್ನ ಈಗ ಮರಳಿ ಹೇಳ್ತೀನಿ," ಎಂದೆ. "ನಾನು ಕಳಿಸ್ದೆ, ಅವ್ನು ಹೋದ. ನಾನು ಕಳಿಸ್ದೇ ಇದ್ದಿದ್ರೆ ಇವತ್ತು ಇರ್ತಿದ್ದ. ಇದೇನಾ?"

ಅವರು ಜಮಖಾನದ ಗಂಟನ್ನು ಗೋಡೆಗೆ ಒರಗಿಸಿದರು. "ಹೌದಮ್ಮ. ಇದೇ."

"ಈಗ ನನ್ನ ಮಾತು. ನೀವು ಕಳಿಸಿದ್ದು ಒಂದು ಸಲ. ಮಿಕ್ಕ ಇಪ್ಪತ್ತೈದು ಸಲ ಅವನೇ ಹೋದ. ನಾನು ಬೇಡ ಅಂದ್ರೂ ಹೋದ. ಅವನಿಗೆ ಬೇಕಾಗಿತ್ತು, ಹೋದ. ಅದನ್ನ ನೀವು ತಗೋಬೇಡಿ. ಅದು ಅವನದು."

ಸರ್ ಬಾಯಿ ತೆರೆದರು. "ನಾನು ಕಳಿಸಿದ್ದಕ್ಕೆ..." ಎಂದರು.

"ಅಲ್ಲ ಸರ್."

"ಒಂದು ಸಲಾನೋ, ಎಷ್ಟು ಸಲಾನೋ, ನಾನು..."

"ಅಲ್ಲ."

"ಹೇಳ್ರೀ ನೆಟ್ಟಗೆ," ಎಂದರು ದಾಕ್ಷಾಯಣಿಯವರು ಬಾಗಿಲಿನಿಂದ. "ಊರೋರಿಗೆಲ್ಲ ಹೇಳಿಸ್ತೀರ. ನಿಮ್ ಬಾಯಿಗೇನಾಗಿದೆ?"

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು. ಆಮೇಲೆ ಒಂದೊಂದೇ ಪದವಾಗಿ ಹೇಳಿದರು: "ನಾನು ಕಳಿಸಿದ್ದು ಒಂದು ಸಲ. ಮಿಕ್ಕಿದ್ದು ಅವ್ನೇ ಹೋದ. ಅದು ಅವ್ನಿಗೆ ಬೇಕಾಗಿತ್ತು. ಅದು ಅವನದು."

"ಹೌದು, ಇದೇ."

ಉತ್ತರ ಕೊಡಲು ಅವರಿಗೆ ಹಕ್ಕಿತ್ತು. ಅವರು ಕೇಳಿದ್ದು, "ಅಲ್ಲಿ ಎಷ್ಟು ಜನ ಬರ್ತಾರೆ?" ಎಂದು ಮಾತ್ರ. ಒಂಬತ್ತು, ಬರಿನೆಲದ ಮೇಲೆ ಎಂದೆ. ಈ ಸಂಪುಟಕ್ಕೆ ಅವರು ಅನುಮತಿ ಕೊಟ್ಟದ್ದು ಮಾರನೆಯ ದಿನ; ಹಾರ ತುರಾಯಿ ಬೇಡವೆಂಬ ಷರತ್ತಿನೊಡನೆ.

ಹಿರಿಯರನ್ನು ಅಭಿನಂದಿಸುವಾಗ ನೂರು ವರ್ಷ ಬಾಳಲಿ ಎನ್ನುವುದು ವಾಡಿಕೆ. ವರ್ಷಗಳ ಲೆಕ್ಕದ ಮೇಲೆ ನನಗೆ ಈಗ ಅಷ್ಟು ಭರವಸೆಯಿಲ್ಲ. ಪೂಜ್ಯ ವೆಂಕಟರಂಗಯ್ಯನವರಿಗೆ ದೇವರು ಇನ್ನೂ ಬಹಳ ಶನಿವಾರಗಳನ್ನು ಕೊಡಲಿ, ಪ್ರತಿ ಶನಿವಾರವೂ ಮಾತನಾಡಲು ಯಾರಾದರೂ, ಕೇಳಿಸಿಕೊಳ್ಳಲು ಅವರು, ಆ ಬೆಂಚಿನ ಮೇಲಿರಲಿ ಎಂದಷ್ಟೇ ಬೇಡುತ್ತೇನೆ.

ಆ ಸಂಜೆ ಹೊರಡುವ ಮೊದಲು ಜಮಖಾನವನ್ನು ಒಪ್ಪಿಸುವುದಿತ್ತು. ಕಾರ್ಖಾನೆಗಳ ಉಪಕರಣ ಕೋಣೆಯಲ್ಲಿ ಕೆಲಸಗಾರ ತನ್ನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಿ ಸಾಮಾನು ಒಯ್ಯುತ್ತಾನೆ, ಸಾಮಾನು ಹಿಂತಿರುಗಿಸಿ ಬಿಲ್ಲೆ ಪಡೆಯುತ್ತಾನೆ. ಸರ್ ಮನೆಯಲ್ಲೂ ಬಾಗಿಲ ಹಿಂದೆ ಅಂಥದೇ ಹಲಗೆಯಿದೆ. ಪುಸ್ತಕಕ್ಕಾಗಲಿ ಕೊಡೆಗಾಗಲಿ ಪಕ್ಕದ ಮನೆಯ ಇಸಾಕ್ ಸಾಬರು ಒಯ್ಯುವ ಏಣಿಗಾಗಲಿ ಅಲ್ಲೊಂದು ಬಿಲ್ಲೆ ತೂಗಬೇಕು. ಸರ್ ಜಮಖಾನವನ್ನು ನಡುಮನೆಯಲ್ಲಿ ಹಾಸಿದರು. ಬಗ್ಗಿ, ನಾಲ್ಕು ಮೂಲೆಗಳನ್ನೂ ಯಾರು ಹಿಂತಿರುಗಿಸಿದ ಸಾಮಾನನ್ನಾದರೂ ನೋಡುವಂತೆಯೇ ನೋಡಿದರು. ಒಂದು ಕಡೆ ಚಹಾದ ಕಲೆಯಿತ್ತು. ಅದರ ಮೇಲೆ ಒಮ್ಮೆ ಕೈಯಾಡಿಸಿದರು. "ಸರಿಯಾಗಿದೆ," ಎಂದರು. ಹಲಗೆಯ ಬಳಿ ಹೋಗಿ, ಜುಲೈಯಿಂದ ಅಲ್ಲೇ ಇದ್ದ ಚಂದ್ರುವಿನ ಇಪ್ಪತ್ತಮೂರನೆಯ ಸಂಖ್ಯೆಯ ಬಿಲ್ಲೆಯನ್ನು ಮೊಳೆಯಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದರು.

ನಾನು ಅದನ್ನು ತೆಗೆದುಕೊಂಡೆ.