ಪಿಡಿಎಫ್‌ನಲ್ಲಿ ಅವ್ವನ ಹೊಲಿಗೆ

ಅವ್ವ ತಿಳವಳ್ಳಿಯಲ್ಲಿ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬರುವ ಹೊದಿಕೆ ಅದು. ಧಾರವಾಡದ ಅಂಗಡಿಯೊಂದು ಕೈಹೊಲಿಗೆಯ ಕೌದಿಗಳನ್ನಷ್ಟೇ ಕೊಳ್ಳುತ್ತದೆ ಎಂದು ತಿಳಿದು, ಅವಳ ಕೌದಿಗಳ ಫೋಟೊಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಿ ಕಳಿಸಿದೆ. ಹಾನಗಲ್ಲಿನಲ್ಲಿ ನನ್ನದು ಕಂಪ್ಯೂಟರ್ ಕೆಲಸ, ಬೆಳಿಗ್ಗೆ ಹೋದರೆ ಮನೆಗೆ ಬರುವುದು ರಾತ್ರಿಯೇ. ಪಿಡಿಎಫ್ ಮಾಡುವ ಪ್ರೋಗ್ರಾಂ ನಾನೇ ಬರೆದದ್ದು. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಅಂಗಡಿ ನಡೆಸುವ ಅಕ್ಕ ಫೋನ್ ಮಾಡಿದರು. "ಇವು ಮಷೀನ್ ಹೊಲಿಗಿ ಇದ್ದಂಗ ಕಾಣ್ತಾವಲ್ರಿ. ನಮಗ ಬ್ಯಾಡ್ರಿ."

ಅವ್ವ ಅಂದು ಊಟಕ್ಕೆ ಏಳಲಿಲ್ಲ. "ಇಷ್ಟ್ ವರ್ಷ ಬೆರಳಿಗೆ ಸೂಜಿ ಚುಚ್ಚಿಸ್ಕೊಂಡಾಕಿ ನಾನು. ಮಷೀನ್ ಅಂತ ಮಷೀನ್!"

ನನಗೂ ಸಿಟ್ಟು ನೆತ್ತಿಗೇರಿತ್ತು. ಆದರೆ ಪಿಡಿಎಫ್ ತೆರೆದು ನೋಡಿದರೆ ಆ ಅಕ್ಕನ ತಪ್ಪೇನೂ ಇರಲಿಲ್ಲ. ಫೈಲ್ ಹಗುರಾಗಲಿ ಎಂದು ನನ್ನ ಪ್ರೋಗ್ರಾಂ ಪ್ರತಿ ಫೋಟೊವನ್ನೂ ಪುಟದ ಅಳತೆಗೆ ಕುಗ್ಗಿಸಿ, ಸಣ್ಣ ವಿವರಗಳನ್ನು ಬಿಟ್ಟು ಉಳಿಸುತ್ತಿತ್ತು. ಹೊಲಿಗೆಗಳು ಒಂದಕ್ಕೊಂದು ಅಂಟಿಕೊಂಡು ಗೀಟು ಎಳೆದಂತಾಗಿದ್ದವು. ಪ್ರೋಗ್ರಾಂನಿಂದ ಆ ಜಾಣತನದ ಸಾಲುಗಳನ್ನೆಲ್ಲ ಅಳಿಸಿದೆ. ಫೋಟೊವನ್ನು ಮುಟ್ಟದೆ, ಇದ್ದದ್ದನ್ನು ಇದ್ದ ಹಾಗೆಯೇ ಒಳಗಿಟ್ಟು, ಪುಟವನ್ನೇ ಅದರ ಅಳತೆಗೆ ಹೊಂದಿಸಿದೆ. ಫೈಲ್ ಭಾರವಾಯಿತು. ಆಗಲಿ.

ಒಂದೊಂದೇ ಪುಟವನ್ನು ಹಿಗ್ಗಿಸಿ ನೋಡಿದೆ. ಹಳೆಯ ಕೌದಿಗಳ ಹೊಲಿಗೆ ಅಕ್ಕಿಕಾಳಿನ ಹಾಗೆ ಬಿಡಿಬಿಡಿಯಾಗಿ ಕಂಡಿತು, ಖುಷಿಯಾಯಿತು. ಈ ವರ್ಷದ ಕೌದಿಗೆ ಬಂದಾಗ ಕೈ ನಿಂತಿತು. ಸಾಲು ಎತ್ತಲೋ ಹೊರಳಿತ್ತು. ಒಂದು ಕಡೆ ಹೊಲಿದದ್ದರ ಮೇಲೆಯೇ ಮತ್ತೆ ಹೊಲಿದಿದ್ದಳು. ಇನ್ನೊಂದು ಕಡೆ ಅಂಗೈಯಗಲ ಜಾಗ ಖಾಲಿ. ಎದ್ದು ಅವ್ವನ ಬಳಿ ಹೋದೆ.

"ಅವ್ವಾ, ನಿನಗ ಕಣ್ಣ ಸರಿ ಕಾಣ್ತಾವೇನು?"

"ದಾರ ಬಾಜೂ ಮನಿಯಾಕಿ ಪೋಣಿಸಿ ಕೊಡ್ತಾಳ. ಉಳದದ್ದು ಬೆರಳಿಗೆ ಗೊತ್ತಾಗ್ತೈತಿ," ಎಂದಳು, ಅದೇನೂ ದೊಡ್ಡ ಮಾತಲ್ಲ ಎಂಬಂತೆ.

ಆ ಪುಟ ತೆಗೆದುಬಿಡಲೇ ಎಂದು ಕೇಳಿದೆ.

"ಯಾಕ ತಗೀತಿ? ಅದೂ ನಾನ ಹೊಲದದ್ದು. ಯಾವ ಮಷೀನ್ ಹಂಗ ಹೊಲೀತೈತಿ?"

ಎಲ್ಲ ಪುಟಗಳನ್ನೂ ಕಳಿಸಿದೆ. ಮರುದಿನವೇ ಅಂಗಡಿಯ ಅಕ್ಕನ ಉತ್ತರ ಬಂತು. ಎಲ್ಲ ಕೌದಿಗಳೂ ಬೇಕು, ಇನ್ನಷ್ಟು ಹೊಲಿದು ಕೊಡುತ್ತಾರೆಯೇ ಎಂದು ಕೇಳಿದ್ದರು. ಅವ್ವನಿಗೆ ಓದಿ ಹೇಳಿದೆ. ಅವಳ ಮುಖ ಅರಳಿತು. ಈಗಲೇ ಶುರು ಮಾಡುವವಳಂತೆ ಕುಳಿತು, ಸೂಜಿಗಾಗಿ ಚಾಪೆಯ ಮೇಲೆಲ್ಲ ಕೈಯಾಡಿಸತೊಡಗಿದಳು. ಸೂಜಿ ಅವಳ ಮೊಣಕಾಲ ಹತ್ತಿರವೇ ಬಿಸಿಲಿಗೆ ಹೊಳೆಯುತ್ತಿತ್ತು.