ಮಡಕೆಯ ಮೊದಲ ಗುಟುಕು

ಸಾಹುಕಾರ ಬಾ ಠೇ ಪುಣ್ಯ ಕಟ್ಟಿಕೊಳ್ಳಲು ಹೊರಟಿದ್ದಾನೆ ಎಂಬುದು ಮುದುಕಿ ಓನ್ ಶ್ವೆಗೆ ಗೊತ್ತಾದದ್ದು, ಸಿಮೆಂಟು ಮೂಟೆ ಹೇರಿದ ದೋಣಿಯೊಂದು ಅವಳ ಜಗಲಿಯ ಮುಂದೆಯೇ ಹಾದುಹೋದಾಗ. ಆಕೆ ಮೆಟ್ಟಿಲ ಮೇಲೆ ಕೂತು ಮೀನು ಉಜ್ಜುತ್ತಿದ್ದಳು.

"ಯಾರ ಮನೇಗಯ್ಯಾ ಇಷ್ಟೊಂದು ಸಿಮೆಂಟು?"

"ಮನೇಗಲ್ಲ ದೊಡ್ಡಮ್ಮ. ಬಾ ಠೇ ಸಾಹುಕಾರ್ರು ಅರವಟ್ಟಿಗೆ ಕಟ್ಟಿಸ್ತಾರಂತೆ. ಹೋಗೋ ಬರೋರಿಗೆಲ್ಲ ಕುಡಿಯೋ ನೀರು."

"ಯಾವ ನೀರು?"

"ಬಾಟ್ಲಿ ನೀರು. ತೌಂಜಿ ಪೇಟೆಯಿಂದ ತರಿಸ್ತಾರೆ."

ಓನ್ ಶ್ವೆ ಮೀನು ಕೆಳಗಿಟ್ಟಳು. ಬರ್ಮಾದ ಇನ್ಲೆ ಸರೋವರದ ನಡುಮಧ್ಯೆ ಕಂಬಗಳ ಮೇಲೆ ನಿಂತ ಊರು. ಕಾಲು ಇಳಿಬಿಟ್ಟರೆ ನೀರು, ಕೈ ಚಾಚಿದರೆ ನೀರು. ಅಂಥ ಊರಿಗೆ ಬೆಟ್ಟದ ಪೇಟೆಯಿಂದ ಬಾಟಲಿಯಲ್ಲಿ ನೀರು ತರಿಸಿ ಧರ್ಮ ಮಾಡುತ್ತಾನಂತೆ ಮಹಾನುಭಾವ! "ನೀರು ಕೆಡಿಸ್ದೋನೇ ನೀರು ದಾನ ಮಾಡ್ತಾನೇನೋ? ಥೂ!" ಎಂದು ಆಕೆ ಉಗುಳಿದಳು. ಉಗುಳಿದ್ದು ಪಕ್ಕದಲ್ಲಿದ್ದ ತಗಡಿನ ಡಬ್ಬಕ್ಕೆ. ಎಪ್ಪತ್ತೊಂದು ವರ್ಷದಲ್ಲಿ ಎಲೆಯಡಿಕೆಯ ಒಂದು ಹನಿಯನ್ನೂ ಆಕೆ ಕೆರೆಗೆ ಉಗುಳಿದವಳಲ್ಲ.

ಆ ಸಿಟ್ಟಿಗೆ ಕಾರಣವಿತ್ತು. ಊರಲ್ಲಿ ಆಗಲೇ ಒಂದು ಅರವಟ್ಟಿಗೆ ಇತ್ತು, ಅದು ಓನ್ ಶ್ವೆಯದು. ಕಾಲುವೆಯ ಬಾಯಲ್ಲಿ ನಾಲ್ಕು ಬಿದಿರು ನೆಟ್ಟು, ಮೇಲೊಂದು ಹುಲ್ಲಿನ ಸೂರು ಹೊದಿಸಿ, ಅಟ್ಟಣಿಗೆಯ ಮೇಲೆ ಒಂದು ದೊಡ್ಡ ಮಡಕೆ. ಮುಚ್ಚಳದ ಮೇಲೆ ಒಂದು ಬಟ್ಟಲು. ಅವಳ ತಾಯಿ ಶುರು ಮಾಡಿದ್ದು, ತಾಯಿ ಹೋದ ಮೇಲೆ ಮಗಳು. ಸಂತೆಗೆ ಹೋಗುವವರು, ಬಲೆಗಾರರು, ವಿಹಾರಕ್ಕೆ ಹೊರಟ ಭಿಕ್ಷುಗಳು ದೋಣಿ ನಿಲ್ಲಿಸಿ ಕುಡಿದು ಹೋಗುತ್ತಿದ್ದರು. ಗಂಡನ ಹೆಣ ಮನೆಯಲ್ಲಿದ್ದ ದಿನವೂ ಮಡಕೆ ಬರಿದಾಗಿರಲಿಲ್ಲ. ಮಕ್ಕಳಾಗಲಿಲ್ಲ, ಅದಕ್ಕವಳು ಅತ್ತದ್ದನ್ನು ಯಾರೂ ಕಾಣರು. ಮಡಕೆಯ ಸುದ್ದಿ ಎತ್ತಿದರೆ ಮಾತ್ರ ಹೆಂಗಸಿನ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

ಆ ನೀರನ್ನು ಸಿಕ್ಕಲ್ಲಿ ಮೊಗೆಯುವ ಹಾಗಿರಲಿಲ್ಲ. ಊರಿನ ಉತ್ತರಕ್ಕೆ, ಸರೋವರದ ತಳದಲ್ಲಿ ಒಂದು ಒರತೆ. ಜನ ಅದನ್ನು ಕಣ್ಣು ಅಂತಾರೆ. ಅಲ್ಲಿ ನೀರು ತಣ್ಣಗೆ, ತಿಳಿಯಾಗಿ ಮೇಲೇಳುತ್ತದೆ. ದಿನಾ ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹುಟ್ಟು ಹಾಕಿಕೊಂಡು ಹೋಗಿ ತರಬೇಕು. ತಾಯಿ ಮಾಡಿಟ್ಟ ಕಟ್ಟಳೆ ಇನ್ನೊಂದಿತ್ತು: ತುಂಬಿದವರು ಮೊದಲ ಬಟ್ಟಲು ತಾವು ಕುಡಿಯಬೇಕು, ಆಮೇಲೆ ಪರರಿಗೆ.

ಇನ್ನು ಬಾ ಠೇ. ಅವನ ಅಪ್ಪ ಓನ್ ಶ್ವೆಯ ಗಂಡನ ಜೊತೆ ತೇಲುವ ಪಾತಿ ಕಡಿಯುತ್ತಿದ್ದ. ಜೊಂಡು, ಕಳೆ, ಕೆಸರು ಹೆಣೆದುಕೊಂಡು ಗಟ್ಟಿಯಾದ ಹಾಸನ್ನು ಗರಗಸದಲ್ಲಿ ಉದ್ದುದ್ದ ಕೊಯ್ದು, ದೋಣಿಗೆ ಕಟ್ಟಿ ಎಳೆದು ತಂದು, ಬಿದಿರಿನ ಗಳ ಚುಚ್ಚಿ ನಿಲ್ಲಿಸಿದರೆ ಅದೇ ಹೊಲ. ಆಗೆಲ್ಲ ಕೆರೆಯ ತಳದ ಪಾಚಿಯೇ ಗೊಬ್ಬರ. ಮಗರಾಯ ದೊಡ್ಡವನಾದ. ಚೀಲದ ಗೊಬ್ಬರ ತಂದ, ಬೆನ್ನಿಗೆ ಕಟ್ಟುವ ಡಬ್ಬ ತಂದ, ಔಷಧಿ ಹೊಡೆದ. ಟೊಮೆಟೊ ಮಗುವಿನ ಮುಷ್ಟಿಯಷ್ಟು ದಪ್ಪಗಾಯಿತು, ಬಾ ಠೇ ಅದಕ್ಕಿಂತ ದಪ್ಪಗಾದ. ಔಷಧಿ ಕಲಸಿ ಉಳಿದದ್ದನ್ನು ಎಲ್ಲಿ ಚೆಲ್ಲುವುದು? ಕೆಳಗೇ ಕೆರೆ ಇದೆಯಲ್ಲ! ಡಬ್ಬ ತೊಳೆಯುವುದೂ ಅಲ್ಲೇ. ಅವನನ್ನು ನೋಡಿ ಊರಿಗೆ ಊರೇ ಕಲಿಯಿತು. ಬಲೆಗೆ ಮೀನು ಹೊಟ್ಟೆ ಮೇಲಾಗಿ ಸಿಗತೊಡಗಿದಾಗ ಎಲ್ಲರೂ ಆಕಾಶ ನೋಡಿ, "ಈ ವರ್ಷ ಯಾಕೋ ಬಿಸಿಲು ಜಾಸ್ತಿ" ಎಂದರು. ಇನ್ನೂ ಒಂದು ಜಾಣತನ ಹೇಳಬೇಕು. ಪ್ರತಿಯೊಬ್ಬನ ಪಾತಿಯ ತುದಿಗೂ ಔಷಧಿ ಹೊಡೆಯದ ಒಂದು ಸಾಲು ಇರುತ್ತಿತ್ತು. ಅದು ಮನೆಗೆ. ಮಿಕ್ಕದ್ದು ದೂರದ ಪಟ್ಟಣ ಯಾಂಗೊನಿನವರ ಹೊಟ್ಟೆಗೆ.

ಹಿಂದೊಮ್ಮೆ ದೊಡ್ಡ ಗುರುಗಳು ವಿಹಾರದಲ್ಲಿ ಎಲ್ಲರನ್ನೂ ಕೂರಿಸಿ, ಒರತೆಯ ಕಣ್ಣಿನ ಸುತ್ತ ಯಾರೂ ಗಳ ನೆಡಬಾರದೆಂದು ಮಾತು ತೆಗೆದುಕೊಂಡಿದ್ದರು. ಬಾ ಠೇ ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಒಪ್ಪಿದ್ದ.

ಈ ಸಲ ಮಳೆಗಾಲ ಮುಗಿದು ಓನ್ ಶ್ವೆ ಒರತೆಗೆ ಹೋದರೆ, ಕಣ್ಣಿನ ಮೇಲೆ ಒಂದು ಪಾತಿ ಮಲಗಿತ್ತು. ನೂರು ಹೆಜ್ಜೆ ಉದ್ದ, ಹೊಸ ಗಳ, ಆಗತಾನೇ ನೆಟ್ಟ ಟೊಮೆಟೊ ಸಸಿ. ಗಳಗಳ ತುದಿಗೆ ಬಾ ಠೇ ಕಟ್ಟುವ ನೀಲಿ ಪಟ್ಟಿ. ಅವಳು ನೇರ ಅವನ ಮನೆಗೆ ಹೋದಳು.

"ಏನೋ ಬಾ ಠೇ, ಕಣ್ಣಿಗೇ ಚುಚ್ಚಿದೀಯಲ್ಲೋ! ಗುರುಗಳಿಗೆ ಕೊಟ್ಟ ಮಾತು ಎಲ್ಲಿಟ್ಟೆ?"

"ಅಯ್ಯೋ ಅಕ್ಕಾ, ಅದು ನಾನಿಟ್ಟಿದ್ದಲ್ಲ. ಬೇರೆ ಕಡೆ ಇತ್ತು, ಮಳೆಗಾಳಿಗೆ ತೇಲಿ ಅಲ್ಲಿ ಹೋಗಿ ನಿಂತಿದೆ. ಫಸಲು ಮುಗೀಲಿ, ಎಳೆಸಿಬಿಡ್ತೀನಿ. ಕೂತ್ಕೊ, ಚಹಾ ಕುಡಿ."

"ತೇಲ್ಕೊಂಡು ಹೋಗಿದ್ದು ತಾನೇ ಗಳ ಚುಚ್ಕೊಂಡು ನಿಂತ್ಕೊಳ್ತಾ?"

ಬಾ ಠೇ ಹೊಟ್ಟೆ ಕುಣಿಸಿ ನಕ್ಕ. ಅವನ ಹೆಂಡತಿ ಖಿನ್ ಲೇ ಒಳಗಿನಿಂದಲೇ, "ಮಡಕೆ ಮುದುಕಿ ಬಂದ್ಲಾ? ಅವಳಿಗೂ ಎರಡು ಬಾಟ್ಲಿ ಕೊಟ್ಟು ಕಳ್ಸಿ" ಎಂದಳು.

ಓನ್ ಶ್ವೆ ಪಾತಿಯ ಅಂಚಿನಿಂದಲೇ ನೀರು ಮೊಗೆದು ತರತೊಡಗಿದಳು. ಬೇರೆಲ್ಲಿಂದ ತರಲಿ? ಬಟ್ಟೆಯಲ್ಲಿ ಸೋಸಿದಳು, ಕಾಯಿಸಿ ಆರಿಸಿದಳು. ಒಂದು ದಿನ ಬಲೆಗಾರನೊಬ್ಬ ಎರಡು ಬಟ್ಟಲು ಕುಡಿದು ಹೋಗಿ, ದೋಣಿಯಲ್ಲೇ ವಾಂತಿ ಮಾಡಿಕೊಂಡು ನಾಲ್ಕು ದಿನ ಮಲಗಿದ. ಸುದ್ದಿ ಹಬ್ಬಲು ಎಷ್ಟು ಹೊತ್ತು! ನೀರು ಕೆಡಿಸಿದವನ ಹೆಸರನ್ನು ಯಾರೂ ಎತ್ತಲಿಲ್ಲ, ನೀರಿಟ್ಟವಳ ಹೆಸರು ಮನೆಮನೆಯಲ್ಲಿ ಓಡಾಡಿತು. ಊರಿನ ದೋಣಿಗಳು ಅವಳ ಸೂರಿನ ಮುಂದೆ ನಿಧಾನಿಸದೆ ಹೋದವು.

ಮಡಕೆಯನ್ನು ಮಾತ್ರ ಅವಳು ಬರಿದಾಗಲು ಬಿಡಲಿಲ್ಲ. ಬಿಟ್ಟರೆ ಬಾ ಠೇ ಗೆದ್ದ ಹಾಗಲ್ಲವೇ? ಅವನ ಅರವಟ್ಟಿಗೆಗೆ ಆಗಲೇ ಬಣ್ಣ ಬಳಿಯುತ್ತಿದ್ದರು. ಕೆಂಪು ಸೂರು, ಹೊಳೆಯುವ ಹಾಸುಬಿಲ್ಲೆ, ನೀರಿನ ಬೋಸಿಗಿಂತ ದೊಡ್ಡ ಅಕ್ಷರದಲ್ಲಿ ದಾನಿಯ ಹೆಸರು, ಹೆಂಡತಿಯ ಹೆಸರು, ಸತ್ತ ಅಪ್ಪನ ಹೆಸರು. ದಾನದ ಶಾಸ್ತ್ರ ಹುಣ್ಣಿಮೆಯ ಬೆಳಗ್ಗೆ, ಅಂತ ಊರೆಲ್ಲ ಹೇಳಿಕೆ ಹೋಯಿತು.

ಹುಣ್ಣಿಮೆಗೆ ಎರಡು ದಿನ ಇರುವಾಗ ಓನ್ ಶ್ವೆ ಕೊಡಗಳ ಜೊತೆ ಗಂಡನ ಹಳೆಯ ಹಗ್ಗವನ್ನೂ ದೋಣಿಗೆ ಹಾಕಿಕೊಂಡಳು.

ಗಳ ಕೀಳುವುದು ಬಲದ ಕೆಲಸ ಅಂತ ತಿಳಿಯದವರು ಅಂದುಕೊಳ್ಳುತ್ತಾರೆ. ಎಳೆದರೆ ಕೆಸರು ಬಿಗಿಹಿಡಿಯುತ್ತದೆ. ಗಳವನ್ನು ನಿಂತಲ್ಲೇ ತಿರುಗಿಸಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸುತ್ತ ನೀರಿಳಿದು ಕೆಸರು ಸಡಿಲವಾದ ಮೇಲೆ ಹಗ್ಗ ಬಿಗಿದು ದೋಣಿಯನ್ನು ತೂಗಿದರೆ ತಾನೇ ಮೇಲೆ ಬರುತ್ತದೆ. ಮೂವತ್ತು ವರ್ಷ ಗಂಡನ ಜೊತೆ ಊರವರ ಪಾತಿಗಳಿಗೆ ಇದೇ ಚಾಕರಿ ಮಾಡಿದವಳು ಅವಳು. "ಬಾರೋ, ಬಾರೋ ಸಾಹುಕಾರ್ರ ಗಳವೇ" ಎಂದು ಗೊಣಗುತ್ತಾ ಮೊದಲ ದಿನ ಏಳು, ಮರುದಿನ ಎಂಟು ಕಿತ್ತಳು. ಕೊನೆಯ ಐದನ್ನು ಹುಣ್ಣಿಮೆಯ ಬೆಳಗ್ಗೆ ಕಿತ್ತು, ಸೊಂಟ ಹಿಡಿದುಕೊಂಡು ಕೂತಳು. ಪಾತಿ ಒಮ್ಮೆ ನಡುಗಿ, ದಕ್ಷಿಣಕ್ಕೆ ಮೂತಿ ತಿರುಗಿಸಿತು.

ಒರತೆಯ ಕಣ್ಣು ತೆರೆಯಬೇಕು ಎಂಬುದಷ್ಟೇ ತನ್ನ ಉದ್ದೇಶ ಎಂದು ಆಮೇಲೆ ಅವಳು ಹೇಳುತ್ತಿದ್ದಳು. ಚಳಿಗಾಲದಲ್ಲಿ ಬಿಸಿಲೇರುತ್ತಿದ್ದ ಹಾಗೆ ಗಾಳಿ ಬೀಸುವುದು ಉತ್ತರದಿಂದ ಊರಿನ ಕಡೆಗೆ ಎಂಬುದು ಎಪ್ಪತ್ತೊಂದು ವರ್ಷ ಅಲ್ಲೇ ಬದುಕಿದವಳಿಗೆ ಗೊತ್ತಿರಲಿಲ್ಲವಂತೆ. ನಂಬುವವರು ನಂಬಲಿ!

ಅರವಟ್ಟಿಗೆಯ ಮುಂದಿನ ಹಲಗೆಯ ಮೇಲೆ ಊರೆಲ್ಲ ಸೇರಿತ್ತು. ಮೀನುಸಾರಿನ ಶ್ಯಾವಿಗೆ ಹಂಡೆಯಲ್ಲಿ ಕುದಿಯುತ್ತಿತ್ತು. ಬಾ ಠೇ ರೇಷ್ಮೆ ಲುಂಗಿಯುಟ್ಟು ಮಂಡಿಯೂರಿದ್ದ. ಗುರುಗಳು ಮಂತ್ರ ಹೇಳುತ್ತಿದ್ದಂತೆ ಅವನು ಪುಣ್ಯವನ್ನು ಸಕಲ ಜೀವಿಗಳಿಗೂ ಹಂಚಲು ಬೆಳ್ಳಿ ಬಟ್ಟಲಿಗೆ ಹನಿಹನಿಯಾಗಿ ನೀರು ಬಿಡುತ್ತಿದ್ದ. ಅದೂ ಬಾಟಲಿಯದೇ. ಆ ಸಕಲ ಜೀವಿಗಳಲ್ಲಿ ಅವನ ಮಂಡಿಯ ಕೆಳಗೇ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳೂ ಸೇರಿದವೋ ಏನೋ. ಓನ್ ಶ್ವೆ ಹಿಂದಿನ ಸಾಲಿನಲ್ಲಿ, ಒದ್ದೆ ಲುಂಗಿಯ ಅಂಚು ಹಿಂಡಿಕೊಂಡು ಕೂತಿದ್ದಳು.

ಪುಣ್ಯ ಒಪ್ಪಿಕೊಂಡು ಮೂರು ಸಲ ಹೇಳುವ "ಸಾಧು"ವಿನಲ್ಲಿ ಜನ ಎರಡನೆಯದನ್ನು ಹೇಳುವಷ್ಟರಲ್ಲಿ ಪಾತಿ ಬಂತು. ಸದ್ದಿಲ್ಲದೆ ಬಂದು, ಹೊಸ ಅರವಟ್ಟಿಗೆಯ ಕಂಬಕ್ಕೆ ತಲೆ ಒರಗಿಸಿ ನಿಂತಿತು. ಮೇಲೆ ಕೆಂಪಗೆ ಹಣ್ಣಾದ ಟೊಮೆಟೊ, ಖಾಲಿ ಔಷಧಿ ಡಬ್ಬಗಳು, ಮೂಗಿಗೆ ಬಡಿಯುವ ವಾಸನೆ.

ಗುರುಗಳು ಮಂತ್ರ ನಿಲ್ಲಿಸಿದರು. "ಇದು ಯಾರದ್ದು?"

ಜನರ ಕಣ್ಣೆಲ್ಲ ಬಾ ಠೇಯ ಕಡೆ ಹೊರಳಿತು. ಗುರುಗಳೂ ಅವನತ್ತ ತಿರುಗಿದರು.

"ಒರತೆ ಮೇಲೆ ಯಾರೋ ಪಾತಿ ಇಟ್ಟಿದಾರೆ ಅಂತ ಕೇಳಿದ್ದೆ. ಅದೇನಾ ಇದು? ನಿಮ್ದೇನಪ್ಪಾ?"

ನನ್ನದು ಎಂದರೆ ಕೊಟ್ಟ ಮಾತು ಮುರಿದವನಾಗುತ್ತಾನೆ, ಅದೂ ಬೆಳ್ಳಿ ಬಟ್ಟಲು ಕೈಯಲ್ಲಿರುವಾಗ. ಬಾ ಠೇ ಬೆವರು ಒರೆಸಿಕೊಂಡು, "ನನ್ದಲ್ಲ ಗುರುಗಳೇ. ಯಾರದ್ದೋ ಏನೋ" ಎಂದ. ಪಕ್ಕದಲ್ಲಿದ್ದ ಖಿನ್ ಲೇ ಗಂಡನ ತೊಡೆ ಚಿವುಟಿದ್ದನ್ನು ಮೂರು ಸಾಲಿನ ಜನ ನೋಡಿದರು.

"ಯಾರದ್ದೂ ಅಲ್ಲ ಅಂದ್ರೆ ಎಲ್ಲರದ್ದೂ" ಎಂದರು ಗುರುಗಳು. "ಹಣ್ಣು ಚೆನ್ನಾಗಿ ಕಳಿತಿದೆ. ಊಟಕ್ಕೆ ಮುಂಚೆ ಎಲ್ಲರೂ ಒಂದೊಂದು ಕಿತ್ಕೊಂಡು ತಿನ್ನಿ."

ಟೊಮೆಟೊ ಮಾರಿ ಮಾರಿ ತಗಡಿನ ಮಾಡು ಹಾಕಿಸಿಕೊಂಡ ಊರು. ಒಬ್ಬನೇ ಒಬ್ಬ ಕೈ ಚಾಚಲಿಲ್ಲ. ಒಬ್ಬ ಹಲ್ಲುನೋವು ಎಂದ. ಇನ್ನೊಬ್ಬಳಿಗೆ ಹುಳಿ ಆಗದಂತೆ. ಮತ್ತೊಬ್ಬ ಸುಮ್ಮನೆ ಕೆರ ಹುಡುಕಿದ. ಬಾ ಠೇ ಬಟ್ಟಲಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದ.

ಓನ್ ಶ್ವೆಗೆ ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕುಬಿಟ್ಟಳು. "ತಿನ್ನಿ, ತಿನ್ನಿ! ಯಾಂಗೊನಿನವ್ರು ಚಪ್ಪರ್ಸ್ಕೊಂಡು ತಿಂತಾರೆ, ನಿಮಗೇನು ಬಂತು ದಾಡಿ? ತಾವು ತಿನ್ದೇ ಇರೋದನ್ನ ಊರೋರಿಗೆ ತಿನ್ಸೋ ಹಲ್ಕಾ ಜನ!"

ಗುರುಗಳು ಅವಳ ಕಡೆ ತಿರುಗಿದರು. ಮುಖದಲ್ಲಿ ವ್ಯಂಗ್ಯವಿರಲಿಲ್ಲ.

"ನಂಗೆ ಈ ಬಾಟ್ಲಿ ನೀರು ಬೇಡ ತಾಯಿ. ನಿಮ್ಮ ಮಡಕೇದು ತರಿಸಿ. ನಿಮ್ಮ ತಾಯಿ ಕಾಲದಿಂದ ಕುಡಿದಿದೀನಿ. ಇವತ್ತಿನ ಮೊದಲ ಬಟ್ಟಲು ನೀವು ಕುಡಿದಾಯ್ತಲ್ಲ?"

ನಗು ಓನ್ ಶ್ವೆಯ ಬಾಯಲ್ಲೇ ನಿಂತಿತು. ಆ ಬಲೆಗಾರ ಮಲಗಿದ ದಿನದಿಂದ ಅವಳು ಮೊದಲ ಬಟ್ಟಲು ಕುಡಿದಿರಲಿಲ್ಲ. ಮನೆಯಲ್ಲಿ ಮಳೆನೀರು ಹಿಡಿದಿಟ್ಟುಕೊಂಡಿದ್ದಳು, ಅದನ್ನೇ ಕುಡಿಯುತ್ತಿದ್ದಳು. ಮಡಕೆಯನ್ನು ಮಾತ್ರ ದಿನಾ ತುಂಬಿ, ಬಟ್ಟಲು ತೊಳೆದು ಮೇಲಿಟ್ಟು, ಸುದ್ದಿ ತಿಳಿಯದ ಬೇರೆ ಊರಿನ ದೋಣಿಯವರು ಕುಡಿದು ಹೋಗುವುದನ್ನು ಜಗಲಿಯಿಂದ ನೋಡುತ್ತಿದ್ದಳು. ಇಷ್ಟು ದಿನ ಇದು ಅವಳಿಗೆ ಹೊಳೆದೇ ಇರಲಿಲ್ಲ ಎಂದರೆ ಅದು ಸುಳ್ಳು.

ಸುಳ್ಳು ಹೇಳಬಹುದಿತ್ತು. ಬಾ ಠೇ ಈಗಷ್ಟೇ ಹೇಳಿ ದಕ್ಕಿಸಿಕೊಂಡಿರಲಿಲ್ಲವೇ?

"ಇಲ್ಲ ಗುರುಗಳೇ" ಎಂದಳು. "ಮೂರು ತಿಂಗಳಾಯ್ತು. ನಾನು ಕುಡೀತಿಲ್ಲ. ಬೇರೆಯೋರಿಗೆ ಇಟ್ಟಿದೀನಿ."

ಖಿನ್ ಲೇ ಮೊದಲು ನಕ್ಕಳು. ಆಮೇಲೆ ಹಲ್ಲುನೋವಿನವನು, ಹುಳಿ ಆಗದವಳು, ಎಲ್ಲರೂ. "ಮಡಕೆ ಮುದುಕೀದೂ ಮನೆಗೊಂದು ಸಾಲು, ಪೇಟೆಗೊಂದು ಸಾಲು!" ಎಂದು ಯಾರೋ ಕೂಗಿದರು. ಗುರುಗಳು ಮಾತ್ರ ನಗದೆ ತಲೆ ಆಡಿಸಿದರು. ಓನ್ ಶ್ವೆ ಶ್ಯಾವಿಗೆ ಮುಟ್ಟದೆ ದೋಣಿ ಬಿಚ್ಚಿಕೊಂಡು ಹೋದಳು. ದಾರಿಯಲ್ಲಿ ಅತ್ತಳು. ಬಾ ಠೇಯ ಮೇಲೆ ಅವಳಿಗಿದ್ದ ತಾತ್ಸಾರವೆಲ್ಲ ಈಗ ತನ್ನ ಮೇಲೆಯೇ ತಿರುಗಿತ್ತು, ಮತ್ತು ಅದು ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಸೂರಿನ ಕೆಳಗೆ ದೋಣಿ ನಿಲ್ಲಿಸಿ, ಮಡಕೆಯ ನೀರನ್ನು ಚೆಲ್ಲಿದಳು. ಅದನ್ನು ಬೋರಲು ಹಾಕಿದಳು. ಅರವತ್ತು ವರ್ಷದಲ್ಲಿ ಅದು ಬೋರಲಾದದ್ದು ಅದೇ ಮೊದಲು. ನೋಡಲು ತೀರಾ ಸಣ್ಣದಾಗಿ ಕಂಡಿತು.

ಮರುದಿನ ಒರತೆಗೆ ಹೋದಳು. ನೀರು ಇನ್ನೂ ಮಬ್ಬು. ಮೂರನೇ ದಿನ ತಳದ ಮರಳು ಕುಣಿಯುವುದು ಕಂಡಿತು. ಅಲ್ಲೇ ಬಟ್ಟಲಲ್ಲಿ ಮೊಗೆದು, ಕಾಯಿಸದೆ, ಸೋಸದೆ ಕುಡಿದಳು. ಮನೆಗೆ ಬಂದು ಚಾಪೆ ಹಾಸಿ, ಪಕ್ಕದಲ್ಲೊಂದು ಬೋಗುಣಿ ಇಟ್ಟುಕೊಂಡು ಮಲಗಿದಳು. ಹೊಟ್ಟೆ ಒಂದು ದಿನ ಗುಡುಗುಟ್ಟಿತು. ಹೀಗೆ ಒಂಬತ್ತು ದಿನ ಅದೇ ನೀರು ಕುಡಿದಳು, ಬೇರೇನೂ ಕುಡಿಯಲಿಲ್ಲ.

ಬಾ ಠೇಯ ಬಾಟಲಿಗಳು ಅಷ್ಟರಲ್ಲಿ ಮುಗಿದಿದ್ದವು. ಖಾಲಿಯಾದವು ಹಾಸುಬಿಲ್ಲೆಯ ಕಟ್ಟೆಯ ಸುತ್ತ ತೇಲುತ್ತಿದ್ದವು. ಯಾರದ್ದೂ ಅಲ್ಲದ ಪಾತಿಯನ್ನು ಅವನೇ ಯಾರೂ ನೋಡದಾಗ ಎಳೆಸಿಕೊಂಡು ಹೋಗಿದ್ದ. ಎಲ್ಲಿಗೆ ಅಂತ ಊರಿಗೆಲ್ಲ ಗೊತ್ತು. ಒರತೆಯ ಹತ್ತಿರಕ್ಕಂತೂ ಅಲ್ಲ.

ಹತ್ತನೇ ದಿನ ಓನ್ ಶ್ವೆ ಮಡಕೆ ತಿರುಗಿಸಿ, ಮರಳು ಹಾಕಿ ಉಜ್ಜಿ, ತುಂಬಿದಳು. ಮೊದಲು ನಿಂತ ದೋಣಿ ಅದೇ ಬಲೆಗಾರನದು. ಬಾಯಿ ಒಣಗಿತ್ತು, ಆದರೂ ಬಟ್ಟಲು ಹಿಡಿದು ಅನುಮಾನಿಸಿದ.

"ಕುಡೀಬಹುದಾ ದೊಡ್ಡಮ್ಮ?"

ಅವಳು ಬಟ್ಟಲು ಅವನ ಕೈಯಿಂದ ಕಿತ್ತುಕೊಂಡಳು. ತುಂಬ ಮೊಗೆದು, ಅವನ ಕಣ್ಣೆದುರೇ ಕೊನೆಯ ಹನಿಯವರೆಗೂ ಕುಡಿದಳು. ಗಲ್ಲ ಒರೆಸಿಕೊಂಡು, ಮತ್ತೆ ತುಂಬಿ ಅವನಿಗೆ ಕೊಟ್ಟಳು.

"ಈಗ ಕೇಳಿದ್ಯಲ್ಲ, ಅದನ್ನ ದಿನಾ ಕೇಳು" ಎಂದಳು.