ಕಾದಾಗ ಮಾತ್ರ ಕೆಡುವ ಕಾರು

ಸಿರಿಗೇರಿ ದಾಟಿ ಒಂದೆರಡು ಕಿಲೋಮೀಟರ್ ಆಗಿರಬೇಕು. ಕಾಲುವೆ ಸೇತುವೆಯ ಮೇಲೆ ನನ್ನ ಕಾರು ಸತ್ತಿತು.

ಕೆಟ್ಟಿತು ಎಂದು ಬರೆಯಬಹುದಿತ್ತು. ಆದರೆ ಒಳಗೆ ಕೂತವರಿಗೆ ಅದು ಸತ್ತಂತೆಯೇ ಅನಿಸುತ್ತದೆ. ಎಂಜಿನ್ ಬಂದ್. ಒಂದೇ ಬೆರಳಿಗೆ ತಿರುಗುತ್ತಿದ್ದ ಸ್ಟೀರಿಂಗ್ ಬೀಸುವ ಕಲ್ಲಿನಷ್ಟು ಭಾರ. ಎರಡೂ ಕಾಲು ಹಾಕಿ ತುಳಿದರೆ ಮಾತ್ರ ಬ್ರೇಕ್ ಅಷ್ಟಿಷ್ಟು ಹಿಡಿಯುತ್ತದೆ. ಹಿಂದೆ ಭತ್ತದ ಲಾರಿ. ಹಾರ್ನ್ ಹೊಡೆಯುತ್ತಲೇ ಬಂದ ಡ್ರೈವರ್, ನನ್ನ ಹಿಂದಿನ ಗಾಜಿನ ತುಂಬಾ ಅವನ ಬಂಪರ್ ಕಾಣುವಷ್ಟು ಹತ್ತಿರದಲ್ಲಿ ನಿಲ್ಲಿಸಿದ. ಇಳಿದು ಬಂದು ತೆಲುಗಿನಲ್ಲಿ ಕೇಳಿದ: "ಏಂ ಮೇಡಂ, ಚಾವಾಲನಿ ಉಂದಾ?"

(ಸಾಯಬೇಕು ಅಂತ ಇದೆಯಾ ಎಂದು. ನಮ್ಮ ಬಳ್ಳಾರಿ ಕಡೆ ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ.)

ಪಕ್ಕದ ಸೀಟಿನಲ್ಲಿ ನಮ್ಮ ಅತ್ತೆ. ಕುರುಗೋಡಿನಿಂದ ಅವರನ್ನು ಕೂರಿಸಿಕೊಂಡು ಸಿರುಗುಪ್ಪಕ್ಕೆ, ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದೆ. ಹದಿನೈದು ನಿಮಿಷದ ನಂತರ ಬಟನ್ ಒತ್ತಿದರೆ ಕಾರು ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಅತ್ತೆ ಮಾತ್ರ ಬಾಗಿಲಿನ ಹಿಡಿಕೆಗೆ ಕೈ ಹಾಕಿದರು.

"ಬಾಗಲಾ ತಗಿಯವ್ವಾ. ನಾ ಬಸ್ಸಿಗೆ ಬರ್ತೀನಿ."

ಬಸ್ಸಿಗೇ ಬಂದರು.

ಈ ಕಾರು ನನ್ನ ಆಸೆ. ಒಪ್ಪಿಕೊಂಡುಬಿಡುತ್ತೇನೆ. ವಾರಕ್ಕೆ ನಾಲ್ಕು ದಿನ ಬಳ್ಳಾರಿಯಿಂದ ಸಿರುಗುಪ್ಪದ ಕಾಲೇಜಿಗೆ ಪಾಠ ಮಾಡಲು ಹೋಗುತ್ತೇನೆ. ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಆ ರಸ್ತೆಯ ಗುಂಡಿಗಳೆಲ್ಲ ನನ್ನ ಬೆನ್ನುಮೂಳೆಗೆ ಹೆಸರು ಹಿಡಿದು ಗೊತ್ತಿದ್ದವು. ಎತ್ತರದ, ಮೆತ್ತನೆಯ, ದೊಡ್ಡ ಹೆಸರಿನ ಎಸ್‌ಯುವಿ ಹೊಸದಾಗಿ ಕೊಳ್ಳುವುದು ನಮ್ಮ ಕೈಲಾಗದ ಮಾತು. ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರುಗಳನ್ನೇ ಮಾರುವ ಶೋರೂಮ್ ಒಂದು ನಮ್ಮೂರಿನಲ್ಲೇ ಇತ್ತು. ಒಂದು ವರ್ಷದ ವಾರಂಟಿ ಬೇರೆ! ಹಾರ ಹಾಕಿದರು, ಕೇಕ್ ಕತ್ತರಿಸಿದರು, ತೊಡೆಯಷ್ಟು ದಪ್ಪದ ರಟ್ಟಿನ ಕೀ ಕೊಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ನಗುತ್ತಿರುವುದನ್ನು ಈಗ ನೋಡಿದರೆ ನನಗೇ ಸಿಟ್ಟು ಬರುತ್ತದೆ.

ಸೇತುವೆಯ ಘಟನೆಯ ಮರುದಿನವೇ ಕಾರು ಒಯ್ದು ಶೋರೂಮಿನಲ್ಲಿ ಬಿಟ್ಟೆ. ಎರಡು ದಿನ ಇಟ್ಟುಕೊಂಡರು. ಮ್ಯಾನೇಜರ್ ಕಿರಣ್, ಮೂವತ್ತೈದರ ಆಸುಪಾಸಿನ, ಇಸ್ತ್ರಿ ಮುರಿಯದ ಶರ್ಟಿನ ಹುಡುಗ, ಕೀ ವಾಪಸ್ ಕೊಟ್ಟ.

"ಸ್ಕ್ಯಾನರ್ ಹಾಕಿ ನೋಡೀವ್ರಿ ಮೇಡಂ. ಗಾಡಿ ಪರ್ಫೆಕ್ಟ್ ಐತಿ."

ಎಂಟು ದಿನಕ್ಕೆ ಕಾಲೇಜಿನಿಂದ ಬರುವಾಗ ಮತ್ತೆ ನಿಂತಿತು. ಮತ್ತೆ ಬಿಟ್ಟೆ. ಮತ್ತೆ ಪರ್ಫೆಕ್ಟ್. ಮೂರನೆಯ ಸಲ ನಮ್ಮನೆಯವರೂ ಜೊತೆಗೆ ಬಂದರು. ಕಿರಣ್ ನನ್ನನ್ನು ಬಿಟ್ಟು ಅವರ ಕಡೆ ತಿರುಗಿ ಕೇಳಿದ: "ಸರ್, ನೀವು ಓಡ್ಸಿದಾಗ ಯಾವತ್ತಾರ ಹಿಂಗ ಆಗೈತೇನ್ರಿ?"

ಇವರು ಕಾರು ಓಡಿಸುವುದು ಮನೆಯಿಂದ ಮಾರ್ಕೆಟ್‌ಗೆ. ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಇಳಿದಿರುತ್ತಾರೆ. "ಇಲ್ಲ" ಅಂದರು ಪಾಪ, ಪ್ರಾಮಾಣಿಕವಾಗಿ.

"ಹಂಗಂದ್ರ ಡ್ರೈವಿಂಗ್ ಸ್ಟೈಲ್ ಇರಬೇಕ್ರಿ. ಡ್ರೈವಿಂಗ್ ಸ್ಟೈಲ್ ವಾರಂಟಿನ್ಯಾಗ ಬರಂಗಿಲ್ಲ."

ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಆ ಮಾತಿಗಿಂತಲೂ ಚುಚ್ಚಿದ್ದು ಮನೆಗೆ ಬರುವ ದಾರಿಯಲ್ಲಿ ಇವರು ಮೆಲ್ಲಗೆ ಕೇಳಿದ್ದು. "ನೀ ಅಪ್ಪಿತಪ್ಪಿ ಯಾವುದಾರ ಬಟನ್ ಒತ್ತಿದೇನು?"

ನಿಮ್ಮ ಮಾತನ್ನು ಅಂಗಡಿಯವನು ನಂಬದಿದ್ದರೆ ಅದು ವ್ಯಾಪಾರ. ಮನೆಯವರೇ ನಂಬದಿದ್ದರೆ? ಆ ರಾತ್ರಿಯಿಂದ ನನಗೇ ನನ್ನ ಮೇಲೆ ಅನುಮಾನ ಶುರುವಾಯಿತು. ಲಾರಿ ಹಿಂದೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಅದಕ್ಕೆ ದಾರಿ ಬಿಡುತ್ತಿದ್ದೆ. ಒಂದು ದಿನ ಬಸ್ಸಿನಲ್ಲೇ ಕಾಲೇಜಿಗೆ ಹೋದೆ.

ಉಳಿಸಿದ್ದು ಖಾಜಾಸಾಬರು. ಆ ಶೋರೂಮಿನ ಹಿರಿಯ ಮೆಕ್ಯಾನಿಕ್, ಐವತ್ತು ದಾಟಿದವರು. ನಾಲ್ಕನೆಯ ಸಲ ಹೋದಾಗ ಬಾನೆಟ್ ಮುಚ್ಚುವ ನೆಪದಲ್ಲಿ ಹತ್ತಿರ ಬಂದು, ನನ್ನ ಮುಖ ನೋಡದೆಯೇ ಹೇಳಿದರು: "ಅಕ್ಕಾರ, ತಣ್ಣಗಾದ ಮ್ಯಾಲೆ ತಂದ್ರ ಇದು ಸಿಗಂಗಿಲ್ರಿ. ಟ್ಯಾಂಕಿನೊಳಗಿನ ಪಂಪು ಕಾದ್ರ ಮಾತ್ರ ಕೈ ಕೊಡ್ತೈತಿ. ತಾಸುಗಟ್ಲೆ ಓಡಿಸಿ, ನಿಂತ ಜಾಗದಾಗ ಸ್ಕ್ಯಾನರ್ ಹಚ್ಚಬೇಕು."

ಒಳಗೆ ಹೋಗಿ ಕಿರಣ್ ಎದುರು ಕೂತೆ. ವಾರಂಟಿ ಪುಸ್ತಕ ತೆರೆದು, ಇಂಧನ ಪಂಪು ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟೆ. "ಇವತ್ತು ನೀವೇ ಓಡಿಸಿ. ಕುರುಗೋಡಿಗೆ ಹೋಗಿ, ಅಲ್ಲಿಂದ ಸಿರಿಗೇರಿ, ಸಿರುಗುಪ್ಪ. ನಾನು ಪಕ್ಕದಲ್ಲಿ ಕೂರುತ್ತೇನೆ. ಖಾಜಾಸಾಬರು ಸ್ಕ್ಯಾನರ್ ಹಿಡಿದು ಹಿಂದೆ ಕೂರಲಿ. ನಿಲ್ಲದಿದ್ದರೆ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ."

ನನ್ನಿಂದ ಬಿಡುಗಡೆ ಸಿಗುತ್ತದೆಂದು ಖುಷಿಯಾಗಿಯೇ ಎದ್ದ.

ಮಧ್ಯಾಹ್ನದ ಬಿಸಿಲು. ಬಳ್ಳಾರಿ ಬಿಸಿಲಿನ ಬಗ್ಗೆ ಬರೆಯಬೇಕೇ? ಕುರುಗೋಡಿನವರೆಗೆ ಕಾರು ಕೆಮ್ಮಲೂ ಇಲ್ಲ. "ಬೆಣ್ಣಿ ಇದ್ದಂಗ ಹೊಂಟೈತಲ್ರಿ ಮೇಡಂ" ಅಂದ ಕಿರಣ್. ಚಹಾಕ್ಕೆ ನಿಲ್ಲಿಸೋಣವೇ ಎಂದ. ಬೇಡ, ಎಂಜಿನ್ ಆಫ್ ಮಾಡಬೇಡಿ ಅಂದೆ. ಅಲ್ಲಿಂದ ಮುಂದೆಯೂ ಏನೂ ಆಗಲಿಲ್ಲ. ಆಸೆಪಟ್ಟು ಕೊಂಡ ನನ್ನದೇ ಕಾರು ಕೆಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ! ಕೆಡದಿದ್ದರೆ ನಾನು ಸುಳ್ಳುಗಾರ್ತಿ. ಕೆಟ್ಟರೆ?

ಅದನ್ನು ನಾನು ಯೋಚಿಸಿರಲಿಲ್ಲ.

ಸಿರಿಗೇರಿ ದಾಟಿದೆವು. ಮುಂದೆ ಹುಲ್ಲು ಹೇರಿದ ಟ್ರಾಕ್ಟರ್, ರಸ್ತೆಯ ಮುಕ್ಕಾಲು ಭಾಗ ಅದರದ್ದೇ. ಕಿರಣ್ ಬಲಕ್ಕೆ ತೆಗೆದು ಓವರ್‌ಟೇಕ್ ಮಾಡತೊಡಗಿದ. ಟ್ರಾಲಿಯ ಸಮಕ್ಕೆ ಬಂದಾಗ ಎಂಜಿನ್ ಬಂದ್ ಆಯಿತು.

ಎದುರಿಗೆ ಬಸ್ಸು.

"ಮೇಡಂ, ಹೊಂಟಿಲ್ಲ, ಮೇಡಂ ಇದು ಹೊಂಟಿಲ್ಲ" ಎಂದು ಅವನು ಕೂಗಿದ್ದು ನೆನಪಿದೆ. ಆಕ್ಸಿಲರೇಟರ್ ತುಳಿಯುತ್ತಲೇ ಇದ್ದ. ಹಿಂದಿನಿಂದ ಖಾಜಾಸಾಬರ ದನಿ: "ಸಾರ್, ಬ್ರೇಕ್! ಎರಡೂ ಕಾಲು ಹಾಕ್ರಿ! ಟ್ಯಾಕ್ಟರ್ ಹಿಂದಕ್ಕ ತಗೋರಿ!" ನಾನೂ ಕೈ ಚಾಚಿ ಸ್ಟೀರಿಂಗ್ ಹಿಡಿದು ಎಡಕ್ಕೆ ಎಳೆದೆ. ಇಬ್ಬರ ಬಲಕ್ಕೂ ಅದು ಗೇಣಿನಷ್ಟೇ ತಿರುಗಿತು. ಬಸ್ಸಿನವನು ಅಂಚಿಗೆ ಇಳಿಸಿದ. ಅವನ ಕನ್ನಡಿ ನಮ್ಮ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಟ್ರಾಲಿಯ ಹಿಂದೆ ನುಸುಳಿ, ರಸ್ತೆ ಬಿಟ್ಟು, ಭತ್ತದ ಗದ್ದೆಯ ಬದುವಿಗೆ ಮೂಗು ತಾಗಿಸಿ ನಿಂತೆವು.

ಕಿರಣ್‌ನ ಎರಡೂ ಕಾಲು ಇನ್ನೂ ಬ್ರೇಕಿನ ಮೇಲೆಯೇ ಇದ್ದವು. "ಇಳೀರಿ" ಅಂದರೂ ಇಳಿಯಲಿಲ್ಲ. ಕಡೆಗೆ ಫೋನ್ ತೆಗೆದು ಹೆಂಡತಿಗೆ ಮಾಡಿದ. "ಏನಿಲ್ಲ, ಸುಮ್ನ ಮಾಡ್ದೆ. ಪಾಪು ಸಾಲಿಂದ ಬಂತಾ?" ಅಷ್ಟೇ.

ಖಾಜಾಸಾಬರು ಸ್ಕ್ಯಾನರ್ ಹಚ್ಚಿ ಪರದೆಯನ್ನು ಅವನ ಮುಂದೆ ಹಿಡಿದರು. "ನೋಡ್ರಿ ಸಾರ್. ಪಂಪಿನ ಪ್ರೆಷರ್ ಜೀರೋ." ಆಮೇಲೆ ಗದ್ದೆಯ ಕಡೆ ನೋಡುತ್ತಾ ಹೇಳಿದರು: "ಹಳೇ ಓನರ್ ಗಾಡಿ ಬಿಟ್ಟು ಹೋದಾಗ್ಲೇ ಇದನ್ನ ಹೇಳಿದ್ರು. ನಾ ರಿಪೇರಿ ಜಾಬ್ ಕಾರ್ಡಿನ್ಯಾಗ ಬರ್ದಿದ್ದೆ."

"ಖಾಜಾಸಾಬ್, ಸುಮ್ನಿರ್ರಿ."

"ಇಷ್ಟ್ ದಿನ ಸುಮ್ನ ಇದ್ದೆ ಸಾರ್."

ಅಂದರೆ ಕಿರಣ್‌ಗೆ ಗೊತ್ತಿತ್ತು. ಹಾರ ಹಾಕುವಾಗಲೂ ಗೊತ್ತಿತ್ತು. ನನ್ನ ಡ್ರೈವಿಂಗ್ ಸ್ಟೈಲ್ ಬಗ್ಗೆ ಭಾಷಣ ಮಾಡುವಾಗಲೂ ಗೊತ್ತಿತ್ತು. ಕೂಗಾಡಬೇಕೆಂದುಕೊಂಡೆ. ಆದರೆ ಆ ಹುಡುಗನ ಮುಖ ಸುಣ್ಣದಂತೆ ಬಿಳಿಚಿತ್ತು. ಚೀಲದಿಂದ ಕಾಗದ ತೆಗೆದು ಕೊಟ್ಟು, "ಈಗ ಆದದ್ದನ್ನು ಆದ ಹಾಗೆ ಬರೆದು ಸೈನ್ ಹಾಕಿ" ಅಂದೆ. ಬಾನೆಟ್ ಮೇಲಿಟ್ಟು ಬರೆದ. ಅಕ್ಷರ ಓದಲು ಬರುವಂತಿರಲಿಲ್ಲ. ಎರಡನೆಯ ಸಲ ಬರೆಸಿದೆ. (ಮೇಷ್ಟ್ರ ಬುದ್ಧಿ.)

ಒಂಬತ್ತು ದಿನಕ್ಕೆ ಪಂಪು ಬದಲಾಯಿತು, ವಾರಂಟಿಯಲ್ಲೇ. ಕಿತ್ತುಹೋದ ಕನ್ನಡಿಯನ್ನೂ ಹಾಕಿಕೊಟ್ಟರು. ಕೊಡುವ ಮೊದಲು ಕಿರಣ್ ತಾನೇ ಸಿರುಗುಪ್ಪದವರೆಗೆ ಎರಡು ಸಲ ಓಡಿಸಿ ನೋಡಿದನಂತೆ, ಯಾರೂ ಹೇಳದೆ. ನಮ್ಮನೆಯವರು ಕ್ಷಮೆ ಕೇಳಲಿಲ್ಲ, ಒಂದು ವಾರ ತಾವೇ ಚಹಾ ಮಾಡಿಕೊಟ್ಟರು. ನಾನು ಅದನ್ನು ಕ್ಷಮೆ ಎಂದೇ ಓದಿಕೊಂಡೆ.

ಆದರೂ ಗೆದ್ದೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಆ ಬಸ್ಸಿನೊಳಗೆ ಕೂತವರು ಯಾವ ವಾರಂಟಿ ಕಾಗದಕ್ಕೂ ಸಹಿ ಹಾಕಿರಲಿಲ್ಲ. ನನ್ನ ಮಾತು ನಿಜ ಎಂದು ತೋರಿಸಲು ನಾನು ಅವರನ್ನೂ ಪಣಕ್ಕಿಟ್ಟಿದ್ದೆ. ಅದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ನಾಲ್ಕು ಸಲ ಬಾಯಿಬಿಟ್ಟು ಹೇಳಿದಾಗ ಕೇಳದವರು, ಸಾವು ಎದುರಿಗೆ ಬಂದು ಹೇಳಿದಾಗ ಮಾತ್ರ ಕೇಳಿದರು ಎನ್ನುವುದಷ್ಟೇ ನನಗೆ ಗೊತ್ತು.

ಕಾರು ತರಲು ಹೋದ ದಿನ ವರ್ಕ್‌ಶಾಪಿನಲ್ಲಿ ಖಾಜಾಸಾಬರು ಕಾಣಲಿಲ್ಲ. ಹಿತ್ತಲಿನಲ್ಲಿ ಸಿಕ್ಕರು. ಪ್ಯಾಂಟು ಮಡಚಿ, ಪೈಪು ಹಿಡಿದು ಕಾರು ತೊಳೆಯುತ್ತಿದ್ದರು.

"ಇದೇನಿದು ಖಾಜಾಸಾಬ್?"

"ವಾಷಿಂಗ್ ಸೆಕ್ಷನ್‌ಗೆ ಹಾಕ್ಯಾರ್ರಿ ಅಕ್ಕಾರ. ಇರ್ಲಿ ಬಿಡ್ರಿ, ಈ ಬಿಸ್ಲಾಗ ನೀರಿನ ಕೆಲ್ಸ ತಂಪು."

ಒಳಗೆ ಹೋಗಿ ಕಿರಣ್‌ನನ್ನು ಕೇಳಿದೆ. ಕಣ್ಣು ತಪ್ಪಿಸಿ, "ಮ್ಯಾನೇಜ್‌ಮೆಂಟ್ ಡಿಸಿಷನ್ ಮೇಡಂ" ಅಂದ. ಮಾಲೀಕರಿಗೆ ಪತ್ರ ಬರೆದಿದ್ದೇನೆ. ಎರಡು ಪುಟ, ಓದಲು ಬರುವ ಅಕ್ಷರದಲ್ಲಿ. ಉತ್ತರ ಬಂದಿಲ್ಲ. ನಾಳೆ ಮತ್ತೆ ಹೋಗುತ್ತೇನೆ.

ನನ್ನ ಕಾರಿಗೆ ಇನ್ನೂ ಏಳು ತಿಂಗಳ ವಾರಂಟಿ ಇದೆ. ನಿಜ ಹೇಳಿದ ಮನುಷ್ಯನಿಗೆ ಎಷ್ಟು ದಿನದ್ದು?